ಮೂರು ನಿಮಿಷದೊಳಗಿನ ರಕ್ತ

ಜೂನ್ 12, ಬೆಳಿಗ್ಗೆ 5.20
ಬಲೆ ಕಟ್ಟಿದ್ದಾಯಿತು. ಫೀನಿಕ್ಸ್ ನಗರ ಈ ಹೊತ್ತಿಗೇ ಕಾದು ಬಿಸಿಯಾಗಿದೆ. ಇವತ್ತು ಸೂಪರ್‌ಮಾರ್ಕೆಟ್ ಹಿಂದಿನ ಪಾರ್ಕಿಂಗ್. ಮರುಭೂಮಿಯ ಥ್ರ್ಯಾಷರ್ ಹಕ್ಕಿಗಳು ಇಲ್ಲಿ ಕಸದ ತೊಟ್ಟಿಯ ನೆರಳಿಗೆ ಒಗ್ಗಿಕೊಂಡಿವೆ. ಒಳಗೆ, ರಕ್ತದಲ್ಲಿ, ಒಗ್ಗಿವೆಯೇ? ಅದೇ ನಮ್ಮ ಪ್ರಶ್ನೆ. ಬಲೆಗೆ ಬಿದ್ದ ಮೂರು ನಿಮಿಷದೊಳಗೆ ರಕ್ತ ತೆಗೆಯಬೇಕು. ತಡವಾದರೆ ರಕ್ತದ ಒತ್ತಡ-ಹಾರ್ಮೋನಿನಲ್ಲಿ ಸಿಗುವುದು ನಗರದ ಒತ್ತಡವಲ್ಲ, ನನ್ನ ಕೈಗೆ ಸಿಕ್ಕ ಹಕ್ಕಿಯ ಭಯ.

ಅದೇ ದಿನ, 11.00
ಆಸ್ಪತ್ರೆ. ಒಂಬತ್ತನೇ ಹಕ್ಕಿ ಕೈಯಲ್ಲಿದ್ದಾಗ ಫೋನ್. ಅಪ್ಪ ಯಾರದೋ ಛಾವಣಿ ರಿಪೇರಿ ಮಾಡುತ್ತಿದ್ದಲ್ಲೇ ಬಿಸಿಲಿಗೆ ಕುಸಿದರಂತೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ... ನೋಡಿದರೆ ಆರು ನಿಮಿಷ. ರಕ್ತ ತೆಗೆದೆ. ಹಾಳೆಯಲ್ಲಿ ಬರೆದದ್ದು ಎರಡು ನಿಮಿಷ ಐವತ್ತು ಸೆಕೆಂಡು. ಯಾಕೆ ಹಾಗೆ ಬರೆದೆ? ಹಕ್ಕಿ ಬಿಟ್ಟು ಓಡಿದೆ.

ಜೂನ್ 14
ಅಪ್ಪನಿಗೆ ಎಚ್ಚರ. ಮೊದಲ ಮಾತೇ, "ನನ್ನ ಸುತ್ತಿಗೆ ಯಾರ ಹತ್ರ ಇದೆ?"
"ಅಪ್ಪಾ, ಇನ್ನು ಮೇಲೆ ಛಾವಣಿ ಹತ್ಬೇಡ."
"ಮೂವತ್ತು ಬೇಸಿಗೆ ಕಂಡಿರೋ ಮೈ ಕಣೇ ಡೆಲ್ಫಿನಾ. ಒಗ್ಗಿದೆ."
ಕಿಡ್ನಿ ರಿಪೋರ್ಟು ಹಾಗೆ ಹೇಳುವುದಿಲ್ಲ.

ಜುಲೈ 9
ಲ್ಯಾಬ್ ಫಲಿತಾಂಶ ಬಂತು. ಪ್ರೊಫೆಸರ್ ಮಾರ್ಗಿಟ್ ಕುರ್ಚಿಯಿಂದ ಎದ್ದೇಬಿಟ್ಟರು. "ಒಂಬತ್ತನೇದು ನೋಡು, ಎಷ್ಟು ಮೇಲಿದೆ! ನಗರದ ಹಕ್ಕಿ ಸುಮ್ನೆ ಕೂತಾಗ್ಲೂ ಒಳಗೊಳಗೇ ಕುದೀತಾ ಇರುತ್ತೆ." ನಕ್ಕೆ. ಅದು ಆರನೇ ನಿಮಿಷದ ರಕ್ತ.

ಜುಲೈ 10
ಕೂತಲ್ಲಿ ಕೂರಲಾಗುತ್ತಿಲ್ಲ.

ಜುಲೈ 11
ಬೆಳಿಗ್ಗೆ ಅಪ್ಪ ಬೂಟು ಹಾಕಿಕೊಂಡು ಬಾಗಿಲಲ್ಲಿ. "ತಲೆ ಸುತ್ತು ಹೋಗಿದೆ ಅಂತ ಡಾಕ್ಟ್ರಿಗೆ ಹೇಳಿದೀನಿ."
"ನಿಜವಾಗ್ಲೂ ಹೋಗಿದೆಯಾ?"
"ಇಲ್ಲ. ಒಂದು ಸಣ್ಣ ಸುಳ್ಳು, ಅಷ್ಟೇ."
ಕೂಗಾಡಿದೆ. ಬೂಟು ಕಿತ್ತು ಎಸೆದೆ. ಕೂಗಿದ್ದು ಯಾರ ಮೇಲೆ ಎಂದು ಆಮೇಲೆ ಹೊಳೆಯಿತು.

ಸಂಜೆ 4.00
ಮಾರ್ಗಿಟ್‌ಗೆ ಆರು ನಿಮಿಷದ ವಿಷಯ ಹೇಳಿಬಿಟ್ಟೆ. ಅವರು ಹಾಳೆ ತೆರೆದು ಒಂಬತ್ತನೇ ಸಾಲಿನ ಮೇಲೆ ಗೀಟೆಳೆದರು.
"ಮಿಕ್ಕ ಎಂಟು?"
"ಸರಿಯಾಗಿವೆ."
"ನಾನು ಹೇಗೆ ನಂಬ್ಲಿ, ಹೇಳು?"
ಒಂಬತ್ತು ಮಾದರಿಗಳೂ ಕಸಕ್ಕೆ ಹೋದವು. ಕೆಲಸ ಉಳಿದಿದೆ — ಸದ್ಯಕ್ಕೆ.

ಜುಲೈ 13, ಬೆಳಿಗ್ಗೆ 5.10
ಮತ್ತೆ ಮೊದಲಿಂದ. ಅಪ್ಪ ಮನೆಯಲ್ಲಿದ್ದಾರೆ, ಮುನಿಸಿಕೊಂಡು. ಮಾರ್ಗಿಟ್ ತಾವೇ ಬಂದಿದ್ದಾರೆ. ನನ್ನ ಮುಖ ನೋಡುತ್ತಿಲ್ಲ. ನೀರಿನ ಬಾಟಲಿ ಮಾತ್ರ ನನ್ನತ್ತ ತಳ್ಳಿದರು.
"ಬರೀತಾನೇ ಕೂತಿರ್ತೀಯಾ? ಹಕ್ಕಿ ಬಿತ್ತು ನೋಡು, ಓಡು!"
ಎದ್ದೆ. ಅವರು ಆಗಲೇ ಸೆಕೆಂಡು ಎಣಿಸಲು ಶುರು—