ಬೀರುವಿನ ಮೇಲಿನ ಕತ್ತರಿ

ಅಮ್ಮಾ,

ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಹೊಲಿಗೆ ಕಾರ್ಖಾನೆಯಲ್ಲಿ ಪಕ್ಕದ ಮಿಷಿನ್ನಿನವಳ ಬೆರಳಿಗೆ ಸೂಜಿ ಹೊಕ್ಕಿತು. ಎಲ್ಲರೂ ಕಿರುಚಿಕೊಂಡರು. ನಾನು ಸ್ವಿಚ್ ಆರಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಸೂಜಿ ಮೇಲೆತ್ತಿದೆ.

"ಅಕ್ಕಾ, ನಿಮ್ ಕೈ ಒಂಚೂರೂ ನಡುಗಲಿಲ್ವಲ್ಲ!" ಎಂದಳು, ನನ್ನ ಕೈ ಬಿಡದೆ.

ನನಗೆ ಅಯ್ಯೋ ಅನ್ನಿಸಲೇ ಇಲ್ಲ, ಅದು ನಿಜ. ಆದರೆ ಅವಳ ನೋವು ನಿಲ್ಲಲಿ ಅಂತಿತ್ತು. ನಾಳೆ "ಬೆರಳು ಹೇಗಿದೆ?" ಎಂದು ಕೇಳಲು ಮರೆಯಬಾರದೆಂದು ಅಂಗೈಯಲ್ಲಿ ಬರೆದುಕೊಂಡಿದ್ದೇನೆ. ದಿನಾ ಹೀಗೇ, ಬೇರೆಯವರಿಗೆ ತಾನಾಗಿ ಬರುವುದನ್ನು ನಾನು ಬರೆದಿಟ್ಟುಕೊಂಡು ಮಾಡುತ್ತೇನೆ.

ಡಾಕ್ಟರು ನನ್ನನ್ನು ಸೋಶಿಯೋಪಾತ್, ಅಂದರೆ ಬೇರೆಯವರ ನೋವು ಮನಸ್ಸಿಗೆ ತಟ್ಟದವಳು, ಎಂದ ಸಂಜೆ ನೀನು ಮನೆಯ ಚಾಕು, ಕತ್ತರಿಗಳನ್ನೆಲ್ಲ ಬೀರುವಿನ ಮೇಲೆ ಬಚ್ಚಿಟ್ಟೆ. ಸಿನಿಮಾಗಳಲ್ಲಿ ಅಂಥವರು ಕೊಲೆ ಮಾಡುವುದನ್ನು ಕಂಡು ನೀನು ಅದನ್ನೇ ನಂಬಿದ್ದೆ, ಪಾಪ. ನಾನು ನೋಡಿಯೂ ಅವನ್ನು ಕೆಳಗಿಳಿಸಲಿಲ್ಲ.

ನೀನು ತೀರಿಕೊಂಡು ವರ್ಷವಾಯಿತು. ಕತ್ತರಿ ಇನ್ನೂ ಅಲ್ಲೇ ಇದೆ. ಮನೆಯಲ್ಲಿ ಹೊಲಿಯುವಾಗ ದಾರವನ್ನು ಹಲ್ಲಿನಲ್ಲೇ ಕಡಿಯುತ್ತೇನೆ.