ಟಕ್ ಎನ್ನದ ಕುಕ್ಕಿ

ಭಾನುವಾರ, ಬೆಳಿಗ್ಗೆ

ಅಮ್ಮನಿಗೆ ಸಿಟ್ಟಿನ ನಮಸ್ಕಾರಗಳು.

ಹೇಳದೆ ಕೇಳದೆ ಬಸ್ಸು ಹತ್ತಿ ಹೊರಟುಹೋದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ.

ಬ್ರೆಡ್ ಬೇಕರಿಯಲ್ಲಿ ಜೀವ ಸವೆಸಿದವಳು ನೀನು, ಒಪ್ಪಿದೆ. ಬ್ರೆಡ್ಡಿನ ತಳಕ್ಕೆ ಬೆರಳ ಗೆಣ್ಣಿನಿಂದ ಬಡಿದು, ಟಕ್ ಎಂದರೆ ಬೆಂದಿದೆ ಎನ್ನುವವಳು. ಆದರೆ ಕುಕ್ಕಿಗೂ ಬಡಿಯುತ್ತಾರೇನಮ್ಮ? ನಾನು ಮಾಡಿದ್ದು ಮೆತ್ತಗೆ ಅಗಿಯುವ ಚಾಕೊಲೇಟ್ ಕುಕ್ಕಿ. ಅಂಚು ಗಟ್ಟಿಯಾಗಿ, ನಡು ಇನ್ನೂ ಹಸಿಯಾಗಿ ಕಾಣುವಾಗಲೇ ಓವನ್ನಿನಿಂದ ತೆಗೆಯಬೇಕು. ಆಮೇಲೆ ಬಿಸಿ ತಟ್ಟೆಯ ಮೇಲೆ ತನ್ನ ಪಾಡಿಗೆ ತಾನು ಬೇಯುತ್ತದೆ. ಚಳಿಗಾಲಕ್ಕೆ ಮಾತ್ರ ಅಂಗಡಿಗೆ ಬರುವ ಆ ಕೆಂಪು ಬಿಳಿ ಪಟ್ಟೆಯ ಪೆಪ್ಪರಮೆಂಟನ್ನು ಜಜ್ಜಿ, ಆಗ ಮೇಲೆ ಒತ್ತಬೇಕು. ಎಲ್ಲ ಒತ್ತಿಟ್ಟು, ಇನ್ನು ಇದನ್ನು ಮುಟ್ಟಬೇಡ ಎಂದು ಹೇಳಿಯೇ ನಾನು ಸ್ನಾನಕ್ಕೆ ಹೋದದ್ದು. ನೀನು ಹೂಂ ಎಂದೆ.

ಬಂದು ನೋಡಿದರೆ ತಟ್ಟೆಗಳೆಲ್ಲ ಮತ್ತೆ ಓವನ್ನಿನೊಳಗೆ. ಕೇಳಿದರೆ, ಒಂದೂ ಟಕ್ ಅನ್ನಲಿಲ್ಲ, ಹಸಿ ಇತ್ತು ಎಂದೆ. ಪೆಪ್ಪರಮೆಂಟು ಕರಗಿ ಹರಿದು ತಟ್ಟೆಗೆ ಅಂಟಿತ್ತು. ಕುಕ್ಕಿಯಿಂದ ಗೋಡೆಗೆ ಮೊಳೆ ಹೊಡೆಯಬಹುದಿತ್ತು. ಅಷ್ಟರಲ್ಲಿ ಕಾಫಿ ಅಂಗಡಿಯವರು ರುಚಿ ನೋಡಲು ಬಾಗಿಲಲ್ಲಿ ನಿಂತಿದ್ದರು. ಅವರು ಆರ್ಡರ್ ಕೊಟ್ಟರೆ ಮಾತ್ರ ನನ್ನ ಕಾಲ ಮೇಲೆ ನಾನು ನಿಲ್ಲಬಹುದು ಎಂಬುದು ನಿನಗೆ ಗೊತ್ತಿತ್ತು.

ಪಾಪ, ಅವರು ಒಂದು ಸಲ ಕಚ್ಚಿ ಕೆನ್ನೆ ಹಿಡಿದುಕೊಂಡರು. ನೀನು ನೀರು ತಂದುಕೊಟ್ಟೆ. ಅಲ್ಲಿಗೆ ಸುಮ್ಮನಿರಬಾರದಿತ್ತೇ? "ಇವಳು ಚಿಕ್ಕಂದಿನಿಂದಲೂ ಹೀಗೇ, ಎಲ್ಲದಕ್ಕೂ ಗಡಿಬಿಡಿ. ಕುಕ್ಕಿಯನ್ನೂ ಅರ್ಧ ಬೆಂದಾಗಲೇ ತೆಗೆದಿದ್ದಳು. ಗಂಡನ ಮನೆಯನ್ನೂ ಅರ್ಧಕ್ಕೇ ಬಿಟ್ಟು ಬಂದಿದ್ದಾಳೆ," ಎಂದೆಯಲ್ಲ, ಅದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಅವರು ಬಂದದ್ದು ಕುಕ್ಕಿ ತಿನ್ನಲು, ನನ್ನ ಸಂಸಾರದ ಕಥೆ ಕೇಳಲು ಅಲ್ಲ.

ಇನ್ನೊಂದಿಷ್ಟು ದಿನ ಇದ್ದು ನೋಡು, ಎಲ್ಲ ಸರಿಹೋಗುತ್ತದೆ ಎಂದು ನೀನು ಹೇಳುತ್ತಲೇ ಬಂದೆ. ಒಳಗೆ ಏನು ನಡೆಯುತ್ತಿತ್ತು ಎಂದು ಒಂದು ದಿನವಾದರೂ ಕೇಳಿದೆಯಾ? ನಾನು ನಕ್ಕರೆ ಅವನಿಗೆ ಸಿಟ್ಟು, ಅತ್ತರೆ ಇನ್ನೂ ಸಿಟ್ಟು. ಕೊನೆಕೊನೆಗೆ ನನಗೆ ಎರಡೂ ಬರುತ್ತಿರಲಿಲ್ಲ. ಇನ್ನೂ ಅಲ್ಲೇ ಇದ್ದಿದ್ದರೆ ನಾನೂ ಆ ಕುಕ್ಕಿಗಳ ಹಾಗೆ ಕಲ್ಲಾಗುತ್ತಿದ್ದೆ. ಸರಿಯಾದ ಹೊತ್ತಿಗೆ ಹೊರಗೆ ಬಂದೆ, ಅಷ್ಟೆ. ನಿನ್ನ ಅಳಿಯನ ಮನೆಗೆ ನಾನು ಮತ್ತೆ ಹೋಗುವುದಿಲ್ಲ. ಅವನು ಫೋನ್ ಮಾಡಿದರೆ ನೀನೇ ಹೇಳಿಬಿಡು, ನನ್ನ ಹತ್ತಿರ ಅವನ ಪರ ವಕಾಲತ್ತು ಬೇಡ.

ನೀನು ಹೋದ ಮರುದಿನ ಹೊಸದಾಗಿ ಮಾಡಿ ಕಾಫಿ ಅಂಗಡಿಗೇ ಒಯ್ದೆ. ಅವರು ಮೊದಲು ಬೆರಳಿನಿಂದ ಒತ್ತಿ ನೋಡಿ, ಧೈರ್ಯ ಮಾಡಿ ಕಚ್ಚಿ, ಆಮೇಲೆ ನಿಂತಲ್ಲೇ ಎರಡು ತಿಂದರು. ಚಳಿಗಾಲ ಮುಗಿಯುವವರೆಗೂ ಆರ್ಡರ್ ನನ್ನದೇ. ನಿನ್ನ ಕಲ್ಲುಗಳನ್ನು ಅಂದೇ ಕಸಕ್ಕೆ ಎಸೆದೆ.

ಪತ್ರದ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ, ಒಳ್ಳೆಯವು. ದಯವಿಟ್ಟು ಬಡಿಯಬೇಡ, ತಿನ್ನು.

ಇಂತಿ, ನೀನೇ ಹೆಸರಿಟ್ಟ
ಗಡಿಬಿಡಿ

ಮತ್ತೆ: ಕಸಕ್ಕೆ ಎಸೆದೆ ಎಂದದ್ದು ಸುಳ್ಳು. ನೀನು ಹೋದಾಗಿನಿಂದ ಸಂಜೆ ಕಾಫಿಯಲ್ಲಿ ಅದ್ದಿಕೊಂಡು ಅವನ್ನೇ ತಿನ್ನುತ್ತಿದ್ದೇನೆ. ಅದ್ದುವ ಮೊದಲು ನಿನ್ನ ಹಾಗೆ ಒಮ್ಮೆ ಬಡಿಯುತ್ತೇನೆ, ಟಕ್ ಎನ್ನುತ್ತದೆ. ಆ ಕಲ್ಲುಗಳ ಡಬ್ಬಿಯ ತಳ ಕಾಣುತ್ತಿದೆ. ಮುಗಿಯುವುದರೊಳಗೆ ಬಾ.