ತುಂಬಿದ ಬಾಟ್ಲಿ

ಗುರುವಾರ, ೯ ಏಪ್ರಿಲ್ ೨೦೨೬. ರೋಣ

ಮಧ್ಯಾಹ್ನದಿಂದ ಕಾಶೀಂಬಿ ಮುದುಕಿ ಮಾತು ತಲ್ಯಾಗ ಕುಂತಾವ.

ಸವಡಿ ಹಳ್ಳಿಯೊಳಗ ಮನಿ ಮನಿಗೆ ಬಿಪಿ, ಶುಗರ್ ತಪಾಸಣಿ ಇತ್ತು. ಆಕಿಗೆ ಕಿಡ್ನ್ಯಾಗ ಕಲ್ಲಿನ ಹಳ್ಳು. ದಿನಾ ಮೂರು ಲೀಟರ್ ನೀರು ಕುಡೀಬೇಕು, ಉಪ್ಪು ಕಡಿಮಿ ಮಾಡಬೇಕು, ಖಾಲಿ ಹೊಟ್ಟಿಗೆ ಚಾ ಬ್ಯಾಡ ಅಂತ ನರ್ಸ್ ಗತ್ತಿನ್ಯಾಗ ಹೇಳಿದೆ. ಮುದುಕಿ ನನ್ನ ಚೀಲ ನೋಡಿ, "ಮಧ್ಯಾಹ್ನ ಎರಡು ಹೊಡೀತು, ನಿಮ್ಮ ಬಾಟ್ಲಿ ತುಂಬಿದ್ದು ತುಂಬಿದಂಗ ಐತಲ್ರಿ ಸಿಸ್ಟರ್?" ಅಂದ್ಲು.

ನನಗೂ ಹಳ್ಳು ಆಗ್ಯಾವ, ಎರಡನೇ ಸಲ. ಆದ್ರ ನೀರು ಕುಡದ್ರ ಪರ ಊರಾಗ ಎಲ್ಲಿಗೆ ಹೋಗೂದು? ಮಂದಿ ಮನ್ಯಾಗ ಪಾಯಖಾನಿ ಕೇಳಾಕ ನಾಚಿಕಿ. ಹನ್ನೊಂದು ವರ್ಷ ಹಿಂಗ ತಡಕೊಂಡೀನಿ. ಸಂಜಿಗೆ ಬಂದು, ನಮ್ಮ ಮನಿಯವರಿಗೆ ಗೊತ್ತಾಗಬಾರದಂತ, ಬಾಟ್ಲಿ ನೀರು ಬಾಗಲ ಮುಂದಿನ ಕರಿಬೇವಿನ ಗಿಡಕ್ಕ ಸುರೀತೀನಿ.

ಇವತ್ತ ಯಾಕೋ ಮುದುಕಿ ಮುಂದ ಎಲ್ಲಾ ಹೇಳೇಬಿಟ್ಟೆ. ಆಕಿ ನಗಲಿಲ್ಲ. ಹಿತ್ತಲ ಬಾಗಲಾ ತೆಗದು, ಪಾಯಖಾನ್ಯಾಗ ಬಕೀಟು ತುಂಬಿಟ್ಟು ಬಂದು, "ಹೊಲದಾಗ ಕಳೆ ತಗಿಯೂ ಮುಂದ ನಾವೂ ಹಿಂಗ ತಡಕೊಂಡವರ. ನಮಗ ತಿಳೀತಿರಲಿಲ್ಲ, ನಿನಗೇನಾಗೇತಿ ಹುಚ್ಚಿ? ಕುಡಿ ಮೊದಲ," ಅಂದ್ಲು.

ಅಲ್ಲೇ ನಿಂತು ಪೂರ್ತಿ ಕುಡದೆ. ಕುಡಿಯೂವಾಗ ಕಣ್ಣಾಗ ನೀರು ಬಂತು, ಸಿಟ್ಟೂ ಬಂತು, ನನ್ನ ಮ್ಯಾಲೆ.

ರಾತ್ರಿ ಊಟಕ್ಕ ಕುಂತಾಗ ಇವರು ತಲಿ ಎತ್ತದ, "ಇವತ್ತ ಗಿಡದ ಬುಡ ಒಣಗೇತಲ್ಲ. ಚಲೋ ಆತು," ಅಂದ್ರು.

ಹಂಗಾದ್ರ ದಿನಾ ನೋಡತಿದ್ರು. ನಾನಾಗೇ ಹೇಳಲಿ ಅಂತ ಇಷ್ಟು ವರ್ಷ ಕಾದಿದ್ರು.